ಹಾಸನದಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ರೆಡ್ಮಿ ನೋಟ್ 4: 2300 ರೂಪಾಯಿ, ಮೂರು ಭಾನುವಾರ, ಒಂದು ಆನೆ ಗ್ರೂಪು

ಮೊದ್ಲೇ ಹೇಳ್ಬಿಡ್ತೀನಿ, ಇದು ಹೊಸ ಫೋನಿನ ರಿವ್ಯೂ ಅಲ್ಲ. 2017ರ ಜನವರಿಲಿ ನಮ್ಮ ದೇಶದಲ್ಲಿ ಬಿಡುಗಡೆ ಆದ ರೆಡ್ಮಿ ನೋಟ್ 4 ನೆನಪಿದ್ಯಾ, ಆಗ ಬಸ್ಸಲ್ಲಿ ಕೂತ್ರೆ ಅಕ್ಕಪಕ್ಕ ಹಿಂದೆಮುಂದೆ ಎಲ್ಲರ ಕೈಲೂ ಅದೇ ಇರ್ತಿತ್ತಲ್ಲ, ಆ ಫೋನನ್ನ ನಾನು ಇಷ್ಟು ವರ್ಷ ಆದ್ಮೇಲೆ ಹಾಸನದ ಒಂದು ಸೆಕೆಂಡ್ಸ್ ಅಂಗಡಿಲಿ 2300 ಕೊಟ್ಟು ತಗೊಂಡೆ. 3 ಜಿಬಿ ರ‍್ಯಾಮ್, 32 ಜಿಬಿ ಮೆಮೊರಿ. ಹೊಸದಿದ್ದಾಗ ಇದಕ್ಕೆ 10,999. ಆಫೀಸಲ್ಲಿ ತೋರಿಸಿದ್ರೆ ಎಲ್ರೂ ನಕ್ರು, ಒಬ್ರಂತೂ ಇದನ್ನ ಮ್ಯೂಸಿಯಂಗೆ ಕೊಡಿ ಸಾರ್ ಅಂದ್ರು.

ತಗೊಂಡಿದ್ದು ನಂಗಲ್ಲ, ಅಪ್ಪನಿಗೆ. ಅಪ್ಪ ಇರೋದು ಆಲೂರು ಕಡೆ ಊರಲ್ಲಿ, ಒಂದೂವರೆ ಎಕರೆ ಕಾಫಿ, ಸ್ವಲ್ಪ ಗದ್ದೆ, ಈ ಸಲ ಶುಂಠಿನೂ ಹಾಕಿದ್ದಾರೆ. ಆ ಕಡೆಯವರಿಗೆ ಬಿಡಿಸಿ ಹೇಳೋದೇ ಬೇಡ, ಕಾಡಾನೆ. ಆಲೂರು, ಸಕಲೇಶಪುರ, ಬೇಲೂರು ಸುತ್ತಮುತ್ತ ಎಲ್ಲಾ ಕಡೆ ಈಗ ವಾಟ್ಸಾಪ್ ಗ್ರೂಪಲ್ಲೇ ಸುದ್ದಿ, ಇವತ್ತು ಎಷ್ಟು ಆನೆ ಯಾವ ಎಸ್ಟೇಟಲ್ಲಿದೆ, ಯಾವ ರಸ್ತೆ ದಾಟ್ತು, ಭೀಮ ಅನ್ನೋ ಕಾಡಾನೆ ಯಾವ ಕಡೆ ಹೊರಟಿದ್ದಾನೆ ಅಂತ ಫೋಟೋ, ಲೊಕೇಶನ್, ವಾಯ್ಸ್ ಮೆಸೇಜು ಬರ್ತಾ ಇರುತ್ತೆ. ಅಪ್ಪನ ಹತ್ರ ಇದ್ದಿದ್ದು ಕೀಪ್ಯಾಡ್ ಸೆಟ್ಟು. ಬೆಳಗ್ಗೆ ಐದೂವರೆಗೆ ಗದ್ದೆ ಕಡೆ ಹೊರಡೋ ಮನುಷ್ಯ, ಪಕ್ಕದ ಮನೆಯವರು ಎದ್ದು ಹೇಳಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಹೊಸ ಫೋನ್ ಕೊಡಿಸ್ತೀನಿ ಅಂದ್ರೆ ಬೇಡ, "ನಾನು ಅದನ್ನ ಕಾಲುವೇಲಿ ಬೀಳಿಸಿದ್ರೆ ನೀನು ಬಾಯಿಬಿಟ್ಟು ಏನೂ ಅನ್ನಲ್ಲ, ಮುಖ ಗಂಟು ಹಾಕ್ತೀಯ, ಅದು ಇನ್ನೂ ಕಷ್ಟ" ಅಂತ. ಸರಿ, ಬಿದ್ರೂ ನಾನು ಮುಖ ಗಂಟು ಹಾಕ್ದೆ ಇರೋ ರೇಟಲ್ಲಿ ಒಂದು ಹುಡುಕೋಣ ಅಂತ ಹೊರಟೆ.

ಅಂಗಡಿ ಹೆಸರು ಬರೆಯಲ್ಲ, ಬಿ.ಎಂ. ರಸ್ತೆಯಿಂದ ಒಳಗೆ ಹೋದ್ರೆ ಇಂಥವು ಇನ್ನೂ ಇದಾವೆ, ಮುಂದೆ ಗಾಜಿನ ಪೆಟ್ಟಿಗೆ, ಒಳಗೆ ಸಾಲಾಗಿ ಮಲಗಿಸಿರೋ ಫೋನು, ಪ್ರತಿಯೊಂದರ ಬೆನ್ನಿಗೂ ಬಿಳಿ ಟೇಪಲ್ಲಿ ಪೆನ್ನಲ್ಲಿ ಬರೆದ ರೇಟು. ಶನಿವಾರ ಸಾಯಂಕಾಲ ಹೋಗಿದ್ದೆ. ಅಂಗಡಿಯವ 2800 ಅಂದ, ನಾನು 2000 ಅಂದೆ, ಅವನು ಇನ್ನೊಬ್ಬ ಗಿರಾಕಿಗೆ ಟೆಂಪರ್ ಗ್ಲಾಸ್ ಹಾಕ್ತಾ ಹಾಕ್ತಾನೇ ನನ್ನ ಮುಖ ನೋಡ್ದೆ "ಲಾಸ್ಟು 2300 ಸಾರ್, ನಿಮ್ಗೆ ಅಂತ" ಅಂದ. ನನ್ನ ಮುಖಾನೇ ನೋಡಿಲ್ಲ ಅವನು, ನಿಮ್ಗೆ ಅಂತ ಅಂತೆ.

ಚೆಕ್ ಮಾಡೋಕೆ ಬಿಟ್ಟ, ಅದಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಮೊದ್ಲು *#06# ಒತ್ತಿ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್, ನೋಡ್ಕೊಂಡೆ, ಎರಡು ಸಿಮ್ ಫೋನಾದ್ದರಿಂದ ಎರಡು ನಂಬರ್ ಬರುತ್ತೆ. ನಿಮ್ಮ ಫೋನಿಂದ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಆ 15 ಅಂಕಿ ಹಾಕಿ 14422ಗೆ ಮೆಸೇಜ್ ಕಳಿಸಿದ್ರೆ ಆ ನಂಬರಿನ ಫೋನು ಯಾವ ಕಂಪನಿದು ಯಾವ ಮಾಡೆಲ್ಲು, ಕಳವು ಅಂತ ಬ್ಲಾಕ್ ಆಗಿದ್ಯಾ ಅಂತ ವಾಪಸ್ ಬರುತ್ತೆ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲೂ ನೋಡಬಹುದು. ಎರಡು ನಂಬರನ್ನೂ ಹಾಕಿ ನೋಡಿ, ಒಂದಕ್ಕೇ ನಿಲ್ಲಿಸ್ಬೇಡಿ. ಉತ್ತರದಲ್ಲಿ ಬೇರೆ ಮಾಡೆಲ್ ಹೆಸರು ಬಂದ್ರೆ ಫೋನನ್ನ ಅಲ್ಲೇ ಟೇಬಲ್ ಮೇಲೆ ಇಟ್ಟು ಎದ್ದು ಬನ್ನಿ. ನನ್ನದಕ್ಕೆ ಸರಿಯಾಗೇ ಬಂತು. ಬಿಲ್ ಮೇಲೂ ಆ ನಂಬರ್ ಬರೆಸ್ಕೊಂಡೆ, ಅವನು ಬರೆಯೋಕೆ ಸ್ವಲ್ಪ ಗೊಣಗಿದ, ನಾನು ನಿಂತೇ ಇದ್ದೆ.

ಆಮೇಲೆ ಈ ಕಂಪನಿ (ಶಿಯೋಮಿ) ಫೋನಲ್ಲಿ *#*#6484#*#* ಒತ್ತಿದ್ರೆ ಒಂದು ಟೆಸ್ಟಿಂಗ್ ಮೆನು ಬರುತ್ತೆ. ಸ್ಪೀಕರ್, ಮೈಕು, ಕ್ಯಾಮೆರಾ, ವೈಬ್ರೇಟು ಎಲ್ಲ ಒಂದೊಂದೇ ನೋಡಬಹುದು. ಟಚ್ ಟೆಸ್ಟಲ್ಲಿ ಬೆರಳನ್ನ ಸ್ಕ್ರೀನ್ ಪೂರ್ತಿ ಎಳೀಬೇಕು, ಮುಟ್ಟಿದ ಜಾಗ ಬಣ್ಣ ಬದಲಾಗುತ್ತೆ, ಎಲ್ಲಾದ್ರೂ ಹಂಗೇ ಉಳೀತು ಅಂದ್ರೆ ಡಿಸ್‌ಪ್ಲೇ ಕಾಂಬೊ (ಸ್ಕ್ರೀನು ಟಚ್ಚು ಒಟ್ಟಿಗೆ ಇರೋದು) ಹೋಗಿದೆ ಅಂತ. ನಂದರಲ್ಲಿ ಟಚ್ ಎಲ್ಲ ಓಕೆ. ಆದ್ರೆ ಕಿವಿ ಹತ್ರ ಇಟ್ಟಾಗ ಸ್ಕ್ರೀನ್ ಆಫ್ ಆಗೋ ಸೆನ್ಸರ್ ಫೇಲು. ನಾನು ಇದೊಂದು ಗುಜರಿ ಅಂತ ಎದ್ದೇಬಿಟ್ಟಿದ್ದೆ, ಅಂಗಡಿ ಹುಡುಗ ಉಗುರಲ್ಲಿ ಹಳೇ ಟೆಂಪರ್ ಗ್ಲಾಸ್ ಎಬ್ಬಿಸಿ ತೆಗೆದ, ಅದು ಯಾವ್ದೋ ಬೇರೆ ಮಾಡೆಲ್ಲಿನ ಗ್ಲಾಸು, ಕರೀ ಅಂಚು ಸರಿಯಾಗಿ ಸೆನ್ಸರ್ ಮೇಲೇ ಕೂತಿತ್ತು. ತೆಗೆದ ತಕ್ಷಣ ಪಾಸು. ಹೊಸ ಗ್ಲಾಸಿಗೆ 100.

ಒಂದು ತಮಾಷೆ, ಫೋನಲ್ಲಿ ಹಳೇ ಓನರ್ ಹಾಕಿದ್ದ ಆ್ಯಪುಗಳು ಹಂಗೇ ಇದ್ವು, ಟಿಕ್‌ಟಾಕು, ಶೇರ್‌ಇಟ್ಟು, ಯುಸಿ ಬ್ರೌಸರು. ಮೂರೂ 2020ರ ಜೂನಲ್ಲಿ ಸರ್ಕಾರ ಬ್ಯಾನ್ ಮಾಡಿದ 59 ಆ್ಯಪಲ್ಲಿ ಇದ್ದವು. ಅಂದ್ರೆ ಅದಕ್ಕಿಂತ ಮುಂಚೆನೇ ಹಾಕ್ಕೊಂಡು ಆಮೇಲೆ ತೆಗೆದೇ ಇಲ್ಲ ಪುಣ್ಯಾತ್ಮ. ಮ್ಯೂಸಿಯಂ ಅಂದಿದ್ದು ಪೂರ್ತಿ ಸುಳ್ಳೇನಲ್ಲ.

ಈಗ ನಾನು ಮಾಡಿದ ದೊಡ್ಡ ದಡ್ಡತನಕ್ಕೆ ಬರ್ತೀನಿ, ಇದನ್ನ ಓದಿ ಯಾರಾದ್ರೂ ಒಬ್ರು ಬಚಾವಾದ್ರೂ ಸಾಕು. ಮನೆಗೆ ಬಂದು ರಾತ್ರಿ ಊಟ ಆದ್ಮೇಲೆ ಫೋನ್ ಕ್ಲೀನ್ ಮಾಡೋಣ ಅಂತ ಕೂತೆ. ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ತೆಗೆದು ಅಲ್ಲೇ ರೀಸೆಟ್ ಕೊಟ್ಟಿದ್ರೆ ಮುಗೀತಿತ್ತು. ನಾನು ಯಾವ್ದೋ ವಿಡಿಯೋ ನೋಡಿದ್ದೆ, ವಾಲ್ಯೂಮ್ ಅಪ್ಪು ಪವರ್ರು ಒಟ್ಟಿಗೆ ಹಿಡಿದು ರಿಕವರಿ ಅನ್ನೋ ರಿಪೇರಿ ಮೆನುಗೆ ಹೋಗಿ ವೈಪ್ ಮಾಡಿದ್ರೆ, ಅಂದ್ರೆ ಎಲ್ಲ ಅಳಿಸಿದ್ರೆ, ಬೇರು ಸಮೇತ ಕ್ಲೀನ್ ಆಗುತ್ತೆ ಅಂತ. ಮಾಡ್ದೆ. ಬೇರು ಸಮೇತ ಕ್ಲೀನೂ ಆಯ್ತು. ಆನ್ ಮಾಡಿ ವೈಫೈ ಕೊಟ್ಟ ಮೇಲೆ ಒಂದು ಸ್ಕ್ರೀನ್ ಬಂತು, ಈ ಫೋನಲ್ಲಿ ಮುಂಚೆ ಇದ್ದ ಗೂಗಲ್ ಅಕೌಂಟಿಂದ ಸೈನ್ ಇನ್ ಆಗಿ ಅಂತ. ಕದ್ದ ಫೋನ್ ಯಾರಿಗೂ ಉಪಯೋಗಕ್ಕೆ ಬರಬಾರದು ಅಂತ ಇರೋ ಬೀಗ ಅದು, ಸೆಟ್ಟಿಂಗ್ಸಿಂದ ಮಾಡಿದ್ರೆ ಓನರ್ರೇ ಮಾಡ್ತಿದ್ದಾನೆ ಅಂತ ಬಿಟ್ಬಿಡುತ್ತೆ, ಹಿಂಬಾಗಿಲಿಂದ ಅಳಿಸಿದ್ರೆ ಕಳ್ಳ ಅಂದ್ಕೊಳ್ಳುತ್ತೆ. ರಾತ್ರಿ ಹನ್ನೊಂದೂವರೆಗೆ ನಮ್ಮ ಮನೆ ಹಾಲಲ್ಲಿ ನಾನೇ ಕಳ್ಳ.

ಭಾನುವಾರ ಅಂಗಡಿ ರಜ. ಸೋಮವಾರ ಹೋದ್ರೆ ಅಂಗಡಿಯವ ಆ ಬೀಗ ಬೈಪಾಸ್ ಮಾಡ್ಕೊಡ್ತೀನಿ 300 ಕೊಡಿ ಅಂದ. ನಾನು ಬೇಡ, ಮಾರಿದವನನ್ನ ಕರೆಸಿ ಅಂದೆ, ಅವನ ಹತ್ರ ನಂಬರ್ ಇತ್ತು. ಅರಸೀಕೆರೆ ಕಡೆ ಹುಡುಗ, ಹಾಸನದಲ್ಲಿ ಓದೋನು, ಪಾಪ ಮಂಗಳವಾರ ಕಾಲೇಜ್ ಮುಗಿಸಿ ಬಂದ. ಅವನಿಗೆ ಆ ಪಾಸ್‌ವರ್ಡೇ ನೆನಪಿಲ್ಲ! ಯಾವ್ದೋ ಕಾಲದ ಅಕೌಂಟು. ಅಲ್ಲೇ ನಿಂತು ಬದಲಾಯಿಸ್ದ, ಆದ್ರೆ ಪಾಸ್‌ವರ್ಡ್ ಬದಲಾಯಿಸಿದ್ರೆ 24 ಗಂಟೆ ಕಾಯ್ಬೇಕು, ಆಮೇಲೇ ಈ ಬೀಗಕ್ಕೆ ಆ ಹೊಸ ಪಾಸ್‌ವರ್ಡ್ ನಡೆಯೋದು. ಬುಧವಾರ ಮತ್ತೆ ಬಂದ, ಅವನೇ ಟೈಪ್ ಮಾಡಿದ, ನಾನು ಆ ಕಡೆ ತಿರುಗಿ ನಿಂತಿದ್ದೆ. ಒಳಗೆ ಹೋದ ತಕ್ಷಣ ಅವನ ಅಕೌಂಟ್ ತೆಗೆಸಿ, ಈ ಸಲ ಸೆಟ್ಟಿಂಗ್ಸಿಂದಾನೇ ರೀಸೆಟ್. ಹುಡುಗನಿಗೆ ಒಂದು ಮಸಾಲೆ ದೋಸೆ ಕಾಫಿ ಕೊಡಿಸ್ದೆ. ಅವನು ಈ ಫೋನನ್ನ ಅಂಗಡಿಗೆ ಮಾರಿದ್ದು 900ಕ್ಕೆ ಅಂತ ದೋಸೆ ತಿಂತಾ ಹೇಳಿದ. ನಾನು ಎಷ್ಟು ಕೊಟ್ಟೆ ಅಂತ ಅವನು ಕೇಳಿದ, ನಾನು ಚಟ್ನಿ ಹಾಕಿಸ್ಕೋ ಅಂದೆ.

ಸೋ ತಗೊಳ್ಳೋರು ದುಡ್ಡು ಕೊಡೋ ಮುಂಚೆ, ಅಂಗಡಿಲೇ, ಹಳೇ ಗೂಗಲ್ ಅಕೌಂಟು, ಈ ಕಂಪನಿ ಫೋನಾದ್ರೆ ಕಂಪನಿದೇ ಆದ ಮಿ ಅಕೌಂಟೂ, ಎರಡೂ ಹೋಗಿದ್ಯಾ ನೋಡಿ, ರೀಸೆಟ್ ಕೊಟ್ಟು ಆನ್ ಆಗಿ ನಿಮ್ಮ ಅಕೌಂಟ್ ಕೂರೋವರೆಗೂ ಅಲ್ಲೇ ಕೂತಿರಿ. ಅರ್ಧ ಗಂಟೆ ಹೋಗುತ್ತೆ, ಹೋಗ್ಲಿ.

ಬ್ಯಾಟರಿ ಹೆಂಗೂ ಸತ್ತಿತ್ತು. 4100 ಎಂಎಎಚ್ ಬ್ಯಾಟರಿ, ಹೊಸದ್ರಲ್ಲಿ ಎರಡು ದಿನ ಬರ್ತಿದ್ದ ಫೋನು, ಈಗ 40 ಪರ್ಸೆಂಟ್ ತೋರಿಸ್ತಾ ಇದ್ದಾಗಲೇ ಕ್ಯಾಮೆರಾ ಓಪನ್ ಮಾಡಿದ್ರೆ ಡಬ್ ಅಂತ ಆಫ್. ಇದು ಹಳೇ ಬ್ಯಾಟರಿ ಲಕ್ಷಣ, ಪರ್ಸೆಂಟ್ ಇರುತ್ತೆ ಆದ್ರೆ ಒಂದೇ ಸಲ ಜಾಸ್ತಿ ಕರೆಂಟ್ ಕೇಳಿದ್ರೆ ಕೊಡೋ ತಾಕತ್ತು ಇರಲ್ಲ. ಬೇರೆ ಒಂದು ರಿಪೇರಿ ಅಂಗಡಿಲಿ 650ಕ್ಕೆ ಹಾಕಿಸ್ದೆ. ಅಲ್ಲೂ ಒಂದು ಗಲಾಟೆ, ನೋಟ್ 4ರಲ್ಲಿ ಎರಡು ಥರ ಇದೆ, ನಮ್ಮಲ್ಲಿ ಮಾರಿದ್ದು ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್ ಇರೋದು, ಅದಕ್ಕೆ ಬಿಎನ್ 43 ಅನ್ನೋ ಬ್ಯಾಟರಿ. ಹುಡುಗ ಡ್ರಾಯರಿಂದ ತೆಗೆದಿದ್ದು ಬಿಎನ್ 41, ಅದು ಮೀಡಿಯಾಟೆಕ್ ಚಿಪ್ಪಿನ ನೋಟ್ 4ದು. "ಎರಡೂ ನೋಟ್ ಫೋರೇ ಸಾರ್" ಅಂತಾನೆ. ಹಳೇ ಬ್ಯಾಟರಿ ಮೇಲೆ ಬರೆದಿರೋದನ್ನ ತೋರಿಸಿದ ಮೇಲೆ ಪಕ್ಕದ ಅಂಗಡಿಯಿಂದ ತರಿಸಿದ. ಬ್ಯಾಟರಿ ಹಾಕಿ ಆನ್ ಮಾಡಿದ್ರೆ ಡೇಟು 1970 ಜನವರಿ! ಸಿಮ್ ಇಲ್ದೆ ಇದ್ರೆ ಅದಕ್ಕೆ ಟೈಮ್ ಎಲ್ಲಿಂದ ಬರ್ಬೇಕು, ಆ ಡೇಟಲ್ಲಿ ಪ್ಲೇ ಸ್ಟೋರ್ ತೆಗೆಯಲ್ಲ, ವಾಟ್ಸಾಪ್ ನಿಮ್ಮ ಫೋನಿನ ತಾರೀಖು ಸರಿ ಇಲ್ಲ ಅನ್ನುತ್ತೆ. ನೆಟ್ ಹೋಗಿದೆ ಅಂತ ರೂಟರ್ ಆಫ್ ಆನ್ ಮಾಡ್ಕೊಂಡು ಕೂರ್ಬೇಡಿ, ಮೊದ್ಲು ತಾರೀಖು ನೋಡಿ.

ಎರಡನೇ ಭಾನುವಾರ ಊರಿಗೆ ಹೋದೆ. ಅಪ್ಪನ ಸಿಮ್ಮು ಕೀಪ್ಯಾಡ್ ಸೆಟ್ಟಿನ ದೊಡ್ಡ ಸೈಜಿಂದು, ಮೂರು ಸೈಜಿಗೂ ಗೆರೆ ಇರುತ್ತಲ್ಲ ಅಂಥದ್ದು. ನಾನು ಜಾಣತನದಲ್ಲಿ ಬೆರಳಲ್ಲಿ ಒತ್ತಿ ಸೀದಾ ನ್ಯಾನೋಗೆ ಇಳಿಸಿಬಿಟ್ಟೆ. ಟ್ರೇ ಎಳೆದು ನೋಡಿದ್ರೆ ಒಂದನೇ ಜಾಗ ಮೈಕ್ರೋ ಸಿಮ್ಮಿಗೆ, ಎರಡನೇದು ನ್ಯಾನೋ ಅಥವಾ ಮೆಮೊರಿ ಕಾರ್ಡು, ಎರಡ್ರಲ್ಲಿ ಒಂದೇ. ನ್ಯಾನೋ ಅಲ್ಲಿ ಹಾಕಿದ್ರೆ ಮೆಮೊರಿ ಕಾರ್ಡಿಗೆ ಜಾಗ ಇಲ್ಲ, ಅದ್ರಲ್ಲಿ ಅಪ್ಪಂಗೆ ಅಂತ ತುಂಬ್ಕೊಂಡು ಹೋಗಿದ್ದ ಹಾಡುಗಳು. ಒಂದು ಸೆಕೆಂಡ್ ಮುಂಚೆ ಕೈಲಿದ್ದ ಮೈಕ್ರೋ ಚೌಕಟ್ಟನ್ನೇ ಕಸದಿಂದ ಹುಡುಕಿ, ಸಿಮ್ಮನ್ನ ಅದರೊಳಗೆ ಕೂರಿಸಿ, ಹಿಂದೆ ತೆಳು ಟೇಪ್ ಹಚ್ಚಿ ಹಾಕ್ದೆ. ಆಮೇಲೆ ಹಾಸನದಿಂದ ಸರಿಯಾದ ಅಡಾಪ್ಟರ್ ತಂದು ಕೊಟ್ಟೆ, ಹತ್ತು ರೂಪಾಯಿ.

ಸಾಫ್ಟ್‌ವೇರ್ ಬಗ್ಗೆ. ಈ ಫೋನು ಕಂಪನಿಯ ಸ್ವಂತ ಸಾಫ್ಟ್‌ವೇರ್ ಎಂಐಯುಐ 11ಕ್ಕೆ ನಿಂತೋಯ್ತು, ಅದರೊಳಗಿರೋದು ಆಂಡ್ರಾಯ್ಡ್ 7. ವಾಟ್ಸಾಪ್ ಸರಾಗವಾಗಿ ನಡೆಯುತ್ತೆ. ಕ್ರೋಮ್ ಮಾತ್ರ 119ನೇ ವರ್ಷನ್ನಿಗೆ ನಿಂತಿದೆ, 2023ರ ಕೊನೆಯಿಂದ ಮುಂದಿನದು ಆಂಡ್ರಾಯ್ಡ್ 8 ಇದ್ರೇನೇ. ಕೆಲವು ಆ್ಯಪು ನಿಮ್ಮ ಫೋನಿಗೆ ಆಗಲ್ಲ ಅಂತ ಪ್ಲೇ ಸ್ಟೋರಲ್ಲೇ ಹೇಳುತ್ತೆ. ಸೆಕ್ಯುರಿಟಿ ಅಪ್‌ಡೇಟ್ ನಿಂತು ವರ್ಷಗಟ್ಟಲೆ ಆಗಿರೋ ಫೋನಿದು, ಅದಕ್ಕೆ ಫೋನ್ ಪೇ ಗೂಗಲ್ ಪೇ ಬ್ಯಾಂಕು ಏನೂ ಹಾಕ್ಲಿಲ್ಲ, ಗೂಗಲ್ ಅಕೌಂಟೂ ಹೊಸದಾಗಿ ಖಾಲಿಯದ್ದೊಂದು ಮಾಡಿ ಹಾಕ್ದೆ. ನೀವೂ ಈ ಕಾಲದ ಫೋನ್ ತಗೊಂಡು ಅದ್ರಲ್ಲಿ ಯುಪಿಐ ಮಾಡ್ತೀನಿ ಅಂತಿದ್ರೆ ದಯವಿಟ್ಟು ಬೇಡ. ಆಫೀಸಿನ ಹುಡುಗ ಬೂಟ್‌ಲೋಡರ್ (ಫೋನ್ ಆನ್ ಆಗೋವಾಗಿನ ಕಂಪನಿ ಬೀಗ) ಅನ್‌ಲಾಕ್ ಮಾಡಿ ಕಸ್ಟಮ್ ರಾಮ್, ಅಂದ್ರೆ ಹೊರಗಿನವರು ಮಾಡಿದ ಸಾಫ್ಟ್‌ವೇರ್, ಹಾಕಿ ಸಾರ್, ಈ ಮಾಡೆಲ್ಲಿಗೆ ಸಿಕ್ಕಾಪಟ್ಟೆ ಇದಾವೆ ಅಂದ. ಇದಾವೆ, ಗೊತ್ತು. ಆದ್ರೆ ಊರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಪ್ಪ ರಿಕವರಿ ಮೋಡಿಗೆ ಹೋಗ್ತಾರಾ? ರಿಕವರಿ ಅಂದ್ರೆ ನಂಗೇ ಈಗ ಮೈ ಜುಂ ಅನ್ನುತ್ತೆ.

ಜಾಹೀರಾತು ನಿಲ್ಲಿಸೋಕೆ ಸೆಟ್ಟಿಂಗ್ಸಲ್ಲಿ ಆಥರೈಸೇಶನ್ ಅನ್ನೋ ಜಾಗಕ್ಕೆ ಹೋಗಿ ಎಂಎಸ್ಎ ಅಂತ ಇರೋದನ್ನ ಆಫ್ ಮಾಡಿ, ಹತ್ತು ಸೆಕೆಂಡು ಎಣಿಸುತ್ತೆ, ಆಮೇಲೆ ಬಟನ್ ಒತ್ಬೇಕು, ಒಂದೇ ಸಲಕ್ಕೆ ಆಗ್ಲಿಲ್ಲ ಅಂದ್ರೆ ಬಿಡದೆ ನಾಲ್ಕೈದು ಸಲ ಒತ್ತಿ. ಭಾಷೆ ಕನ್ನಡಕ್ಕೆ ಹಾಕ್ದೆ, ಅಕ್ಷರ ಒಂದು ಸೈಜ್ ದೊಡ್ಡದು ಮಾಡ್ದೆ. ಟೈಪಿಂಗ್ ಅಪ್ಪಂಗೆ ಆಗಲ್ಲ, ಕೀಬೋರ್ಡಿನ ಮೈಕ್ ಒತ್ತಿ ಮಾತಾಡೋದು ಹೇಳಿಕೊಟ್ಟೆ. ಅವರು ಮೈಕಿಗೂ ಗದ್ದೆ ಆಚೆ ಬದುವಿನಲ್ಲಿ ನಿಂತೋರನ್ನ ಕೂಗೋ ಹಂಗೇ ಕೂಗ್ತಾರೆ, ಆದ್ರೂ ಮುಕ್ಕಾಲು ಭಾಗ ಸರಿಯಾಗೇ ಬರೆಯುತ್ತೆ.

ಅಪ್ಪನ ದೊಡ್ಡ ತಕರಾರು ಟಾರ್ಚು. ಕೀಪ್ಯಾಡಲ್ಲಿ ಒಂದು ಬಟನ್ ಒತ್ತಿ ಹಿಡಿದ್ರೆ ಬೆಳಕು, ಇದರಲ್ಲಿ ಎಲ್ಲಿ? ಇದಕ್ಕೂ ಸೆಟ್ಟಿಂಗ್ ಇದೆ, ಲಾಕ್ ಆಗಿದ್ದಾಗಲೇ ಕೆಳಗಿನ ಹೋಮ್ ಬಟನ್ ಒತ್ತಿ ಹಿಡಿದ್ರೆ ಟಾರ್ಚ್ ಹತ್ತೋ ಹಂಗೆ ಮಾಡ್ಕೊಟ್ಟೆ. ಅವತ್ತು ರಾತ್ರಿ ಹತ್ತು ಸಲ ಹಚ್ಚಿ ಆರಿಸಿ ನೋಡಿ "ಪರವಾಗಿಲ್ಲ ಕಣ್ಲಾ" ಅಂದ್ರು, ಅಪ್ಪನ ಬಾಯಲ್ಲಿ ಅದು ಐದು ಸ್ಟಾರ್. ಇನ್ನೊಂದು, ಫೋನಿನ ತಲೇಲಿ ಐಆರ್ ಬ್ಲಾಸ್ಟರ್ ಇದೆ, ಅಂದ್ರೆ ಟಿವಿ ರಿಮೋಟಾಗಿ ಕೆಲಸ ಮಾಡುತ್ತೆ, ಈಗಿನ ಎಷ್ಟೋ ದುಬಾರಿ ಫೋನಲ್ಲಿ ಇದಿಲ್ಲ. ನಮ್ಮನೆ ಟಿವಿ ರಿಮೋಟು ಹೋದ ವರ್ಷ ಒಲೆ ಪಕ್ಕ ಇಟ್ಟು ಕರಗಿತ್ತು, ಅಂದಿನಿಂದ ಅಮ್ಮ ಎದ್ದು ಹೋಗಿ ಟಿವಿ ಬೆನ್ನಲ್ಲಿ ಬಟನ್ ತಡಕಾಡ್ತಿದ್ರು. ಈಗ ಫೋನ್ ಅಪ್ಪಂದಾ ಅಮ್ಮಂದಾ ಅನ್ನೋದೇ ರಾತ್ರಿ ಎಂಟರ ಮೇಲಿನ ಜಗಳ.

ಎಲ್ಲ ಸರಿ ಹೋಯ್ತು ಅಂತ ವಾಪಸ್ ಬಂದೆ. ಅಸಲಿ ತಪ್ಪು ಆ ವಾರ ಗೊತ್ತಾಯ್ತು. ಗುರುವಾರ ಬೆಳಗ್ಗೆ 5.10ಕ್ಕೆ ಗ್ರೂಪಲ್ಲಿ ಮೆಸೇಜ್ ಬಂದಿದೆ, ಕೆರೆ ಏರಿ ಹತ್ರ ಎರಡಾನೆ ಅಂತ. ಅಪ್ಪನ ಫೋನಿಗೆ ಅದು ಸದ್ದು ಮಾಡಿದ್ದು ಏಳೂವರೆಗೆ, ಅವರು ಗದ್ದೆಯಿಂದ ವಾಪಸ್ ಬಂದು ಕಾಫಿ ಕುಡೀತಾ ವಾಟ್ಸಾಪ್ ತೆರೆದಾಗ. ದೇವರು ದೊಡ್ಡೋನು, ಆನೆ ಆ ಕಡೆ ತೋಟಕ್ಕೆ ಇಳಿದಿದ್ವು, ಬದುವಿನ ಮೇಲೆ ಹೆಜ್ಜೆ ಮಾತ್ರ ಸಿಕ್ತು ಅಂತೆ. ಅಪ್ಪ ನಗ್ತಾ ಹೇಳಿದ್ರು, ನಂಗೆ ಆಫೀಸಲ್ಲಿ ಕೂತು ಕೈಕಾಲು ತಣ್ಣಗಾಯ್ತು.

ಮೂರನೇ ಭಾನುವಾರ ಬರೀ ಇದೇ ಕೆಲಸ. ಈ ಫೋನಿನ ಸಾಫ್ಟ್‌ವೇರು ಬ್ಯಾಟರಿ ಉಳಿಸೋಕೆ ಅಂತ ಹಿಂದೆ ನಡೀತಿರೋ ಆ್ಯಪನ್ನೆಲ್ಲ ಮಲಗಿಸಿಬಿಡುತ್ತೆ, ವಾಟ್ಸಾಪನ್ನೂ. ಸೆಕ್ಯುರಿಟಿ ಆ್ಯಪಲ್ಲಿ ಪರ್ಮಿಶನ್ಸ್, ಅಲ್ಲಿ ಆಟೋಸ್ಟಾರ್ಟ್ ಆನ್. ಬ್ಯಾಟರಿ ಸೇವರಲ್ಲಿ ವಾಟ್ಸಾಪಿಗೆ ನೋ ರಿಸ್ಟ್ರಿಕ್ಷನ್ಸ್. ರೀಸೆಂಟ್ ಆ್ಯಪ್ಸ್ ಲಿಸ್ಟಲ್ಲಿ ಅದಕ್ಕೆ ಬೀಗದ ಗುರುತು ಹಾಕಿ, ಎಲ್ಲ ಕ್ಲಿಯರ್ ಮಾಡಿದ್ರೂ ಉಳಿಯೋ ಹಂಗೆ. ಮೂರೂ ಮಾಡ್ಬೇಕು, ಒಂದು ಬಿಟ್ರೂ ಇಲ್ಲ. ಆಮೇಲೆ ಆನೆ ಗ್ರೂಪಿಗೆ ಮಾತ್ರ ಬೇರೆ ರಿಂಗು, ಜೋರಾಗಿರೋದು, ಮಿಕ್ಕ ಎಲ್ಲ ಗ್ರೂಪೂ ಮ್ಯೂಟು. ನೆಂಟರ ಗುಡ್ ಮಾರ್ನಿಂಗ್ ಹೂವಿನ ಫೋಟೋ ಆನೆ ಥರ ಕೂಗ್ಬಾರ್ದಲ್ಲ. ಹಿತ್ತಲಿಗೆ ಹೋಗಿ ನನ್ನ ಫೋನಿಂದ ಗ್ರೂಪಿಗೆ "ಟೆಸ್ಟಿಂಗ್" ಅಂತ ಹಾಕ್ದೆ, ಒಳಗಿಂದ ಸದ್ದು ಬಂತು. ಅರ್ಧ ಗಂಟೆ ಫೋನ್ ಮುಟ್ಟದೆ ಬಿಟ್ಟು ಮತ್ತೆ ಹಾಕ್ದೆ, ಮತ್ತೂ ಬಂತು. ಗ್ರೂಪಲ್ಲಿ ಯಾರೋ "ಏನ್ ಟೆಸ್ಟಿಂಗ್ ಸ್ವಾಮಿ, ಆನೆನಾ?" ಅಂತ ಕೇಳಿದ್ರು, ಕ್ಷಮೆ ಕೇಳ್ಕೊಂಡೆ.

ಲೆಕ್ಕ: ಫೋನ್ 2300, ಬ್ಯಾಟರಿ 650, ಗ್ಲಾಸ್ 100, ಅಡಾಪ್ಟರ್ 10, ದೋಸೆ ಕಾಫಿ ಬೇರೆ. 3000 ದಾಟ್ತು. ಅಂಗಡಿಗೆ ಐದಕ್ಕೆ ಮೂರು, ಚೆಕ್ ಮಾಡೋಕೆ ಬಿಟ್ಟಿದ್ದಕ್ಕೆ ಎರಡು, ಹುಡುಗನ ನಂಬರ್ ಇಟ್ಕೊಂಡಿದ್ದಕ್ಕೆ ಒಂದು, 900ಕ್ಕೆ ತಗೊಂಡು 2300ಕ್ಕೆ ಮಾರಿದ್ದಕ್ಕೆ ಉಳಿದೆರಡು ಕಟ್. ಫೋನಿಗೆ ನಾಲ್ಕು. ಕ್ಯಾಮೆರಾ ಹಗಲಲ್ಲಿ ಪರವಾಗಿಲ್ಲ, ಸಂಜೆ ಆದ್ರೆ ಕೇಳ್ಬೇಡಿ. ಒಟ್ಟಿಗೆ ಎರಡು ಆ್ಯಪ್ ತೆಗೆದ್ರೆ ಯೋಚನೆ ಮಾಡ್ಕೊಂಡು ಕೂರುತ್ತೆ. ಚಾರ್ಜಿಂಗ್ ಪಿನ್ ಹಳೇ ಮೈಕ್ರೋ ಯುಎಸ್‌ಬಿ, ಈಗ ಸ್ವಲ್ಪ ಲೂಸ್ ಆಗ್ತಿದೆ, ವೈರನ್ನ ಒಂದು ಕಡೆಗೆ ಒತ್ತಿಟ್ರೆ ಮಾತ್ರ ಹತ್ತುತ್ತೆ, ಅಪ್ಪ ಅದರ ಮೇಲೆ ಅಡಿಕೆ ಡಬ್ಬಿ ಇಟ್ಟು ಚಾರ್ಜ್ ಮಾಡ್ತಾರೆ.

ಮೊನ್ನೆ ಬೆಳಗ್ಗೆ 5.40ಕ್ಕೆ ಅಪ್ಪಂದು ಒಂದು ವಾಯ್ಸ್ ಮೆಸೇಜು. "ಹಲೋ, ಕೇಳ್ತಾ ಇದ್ಯಾ, ಆನೆ ಮೆಸೇಜ್ ಬಂತು, ನಾನು ಹೋಗ್ಲಿಲ್ಲ, ಮನೇಲೇ ಇದೀನಿ. ಪಕ್ಕದ ಮನೆ ಚಿಕ್ಕಪ್ಪಂಗೂ ಇಂಥದ್ದೇ ಒಂದು ಬೇಕಂತೆ, ರಿಮೋಟ್ ಇರೋದೇ ಆಗ್ಬೇಕಂತೆ." ಶನಿವಾರ ಅಂಗಡಿಗೆ ಫೋನ್ ಮಾಡಿದ್ದೆ, ನೋಟ್ 4 ಇನ್ನೊಂದಿದೆ ಸಾರ್, ಅಂದ. ಎಷ್ಟು ಅಂದೆ. "ನಿಮ್ಗೆ ಅಂತ 2500."